ಮತ್ತೆ ಮೊದಲಿಂದ, ಅನಂತಕಾಲದವರೆಗೆ

1948ರಲ್ಲಿ, ಡೆನ್ಮಾರ್ಕಿನ ರೀಬೆ ಎಂಬ ಪುಟ್ಟ ಊರಿನ ಕೆಥೆಡ್ರಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ ಒಬ್ಬ ಆಸಾಮಿ ಗಾಯಕವೃಂದಕ್ಕೂ ವಾದ್ಯಗಳಿಗೂ ಸೇರಿಸಿ ಒಂದು ಹಾಡು ಬರೆದ. ನಮ್ಮ ತಾಳದ ಮಾತಿನಲ್ಲಿ ಹೇಳುವುದಾದರೆ ಒಟ್ಟು 32 ಆವರ್ತ, ಅಷ್ಟೆ. ಸಾಹಿತ್ಯವೂ ಚಿಕ್ಕದು. ಹಾಡಿನ ಶೀರ್ಷಿಕೆ ಏನಿತ್ತೋ ಅದೇ ಅದರ ಇಡೀ ಸಾಹಿತ್ಯ: ‘ಕಾರ್ಲ್ ನೀಲ್ಸನ್, ನಮ್ಮ ಮಹಾನ್ ಸಂಗೀತಕಾರ’. ಕೊನೆಯಲ್ಲಿ ಹಾಡುವವರಿಗೊಂದು ಸೂಚನೆ ಬೇರೆ. ಮತ್ತೆ ಮೊದಲಿಂದ ಹಾಡಬೇಕು, ಅನಂತಕಾಲದವರೆಗೆ. ಯಾರಾದರೂ ಅದನ್ನು ಅಕ್ಷರಶಃ ಪಾಲಿಸಿದ್ದರೆ ಅವರಿನ್ನೂ ಹಾಡುತ್ತಲೇ ಇರಬೇಕಿತ್ತು.

ಆಗ ಕಾರ್ಲ್ ನೀಲ್ಸನ್ ತೀರಿಕೊಂಡು 17 ವರ್ಷ ಕಳೆದಿತ್ತು. ಆದರೆ ಡೆನ್ಮಾರ್ಕಿನ ಸಂಗೀತಲೋಕದಲ್ಲಿ ಬೇರೆ ಹೆಸರೇ ಇಲ್ಲವೇನೋ ಎಂಬಂತೆ ನೀಲ್ಸನ್ ಭಜನೆ ನಡೆದೇ ಇತ್ತು. ಅದು ಭಜನೆಯಾದ ಮೇಲೆ ಭಜನೆಯ ಧಾಟಿಯಲ್ಲೇ ಬರೆದುಬಿಡೋಣ ಎಂದುಕೊಂಡವನು ರೂಡ್ ಲಂಗ್‌ಗೋರ್. ಹಾಡು ಕೇಳಿದರೆ ಮಾತ್ರ ವ್ಯಂಗ್ಯ ಅಷ್ಟು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಅದು ಗಂಭೀರವಾಗಿ, ಭವ್ಯವಾಗಿ, ಸಮಾರಂಭದ ಗತ್ತಿನಲ್ಲಿ ಮೊಳಗುತ್ತದೆ. ಎರಡನೇ ಸುತ್ತಿನಲ್ಲಿ ನಗು ಬರುತ್ತದೆ. ನಾಲ್ಕನೆಯ ಸುತ್ತಿನ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ತಳಮಳ.

ಇಂಥ ಹಾಡು ಬರೆಯುವ ಸ್ಥಿತಿಗೆ ಬಂದ ಮನುಷ್ಯ ಒಂದು ಕಾಲದಲ್ಲಿ ಆ ದೇಶದ ಅದ್ಭುತ ಬಾಲಕ.

ಲಂಗ್‌ಗೋರ್ ಹುಟ್ಟಿದ್ದು 1893ರ ಜುಲೈ 28ರಂದು, ಕೋಪನ್‌ಹೇಗನ್ನಿನಲ್ಲಿ. ತಂದೆ ಸೀಗ್‌ಫ್ರೀಡ್, ಲಿಸ್ಟ್‌ನ ಬಳಿ ಕಲಿತು ಬಂದ ಪಿಯಾನೋ ವಾದಕ. ತಾಯಿ ಎಮ್ಮಾ ಕೂಡ ಪಿಯಾನೋ ವಾದಕಿ. ತಂದೆಗೆ ಬೆರಳಿಗಿಂತ ತಲೆ ಹೆಚ್ಚು ಓಡುತ್ತಿತ್ತು. ಸಂಗೀತವೆಂದರೆ ಬರೀ ಮನರಂಜನೆಯಲ್ಲ, ವಿಶ್ವದ ಲಯವನ್ನೇ ಮನುಷ್ಯನ ಕಿವಿಗೆ ಮುಟ್ಟಿಸುವ ಧಾರ್ಮಿಕ ಶಕ್ತಿ ಎಂದು ಪುಟಗಟ್ಟಲೆ ಬರೆದಿಡುತ್ತಿದ್ದ. ಮದರಾಸಿನ ಅಡ್ಯಾರ್‌ನಲ್ಲಿ ಕೇಂದ್ರವಿದ್ದ ಥಿಯಾಸಫಿಯ ಗಾಳಿ ಆ ಕಾಲದ ಯುರೋಪಿನ ಎಷ್ಟೋ ಮನೆಗಳಲ್ಲಿ ಬೀಸುತ್ತಿತ್ತು. ಈ ಮನೆಯ ಕಿಟಕಿಯೂ ತೆರೆದೇ ಇತ್ತು. ಒಬ್ಬನೇ ಮಗ. ಇನ್ನೊಂದು ಮನೆಯಲ್ಲಿ ಹುಟ್ಟಿದ್ದರೆ ಅವನು ಬರೀ ಚುರುಕು ಹುಡುಗನಾಗುತ್ತಿದ್ದನೇನೋ. ಇಲ್ಲಿ ಜಗತ್ತಿಗೆ ಏನೋ ಹೇಳಲು ಕಳಿಸಲ್ಪಟ್ಟ ಜೀವವಾಗಿ ಬೆಳೆದ. ಮಗುವಿನ ಹೆಗಲಿಗೆ ಅದು ಎಂಥ ಭಾರ ಎಂದು ಅಪ್ಪ ಅಮ್ಮ ಯೋಚಿಸಿದಂತೆ ಕಾಣುವುದಿಲ್ಲ.

1905ರಲ್ಲಿ, 11ರ ಹುಡುಗ ಕೋಪನ್‌ಹೇಗನ್ನಿನ ಅಮೃತಶಿಲೆಯ ಚರ್ಚ್ ಎಂದೇ ಹೆಸರಾದ ಫ್ರೆಡೆರಿಕ್ಸ್ ಚರ್ಚಿನಲ್ಲಿ ಆರ್ಗನ್ ಮುಂದೆ ಕೂತು, ಮುಂದೆ ಯಾವ ಹಾಳೆಯೂ ಇಲ್ಲದೆ ಆಶುವಾಗಿ ನುಡಿಸಿದ. ಆಶುವಾದನ ನಮಗೆ ದಿನನಿತ್ಯದ ಮಾತು. ಬರೆದದ್ದನ್ನು ಬರೆದ ಹಾಗೆ ನುಡಿಸುವ ಅವರ ಪದ್ಧತಿಯಲ್ಲಿ, ಅದೂ ಹನ್ನೊಂದನೆಯ ವಯಸ್ಸಿನಲ್ಲಿ, ಅದು ದೊಡ್ಡ ಸುದ್ದಿ. ಕೇಳುಗರ ನಡುವೆ ನಾರ್ವೆಯ ಸಂಗೀತಕಾರ ಎಡ್ವರ್ಡ್ ಗ್ರೀಗ್ ಇದ್ದರು, ತಲೆದೂಗಿದರು. ಹುಡುಗ ಕಾರ್ಲ್ ನೀಲ್ಸನ್ ಬಳಿಯೂ ಕೆಲವು ಪಾಠಗಳಿಗೆ ಹೋದ, ಹೆಚ್ಚು ದಿನ ಅಲ್ಲ. ಮುಂದೆ ಅವರಿಬ್ಬರ ಹೆಸರು ಯಾವ ರೀತಿ ಒಂದೇ ಹಾಳೆಯ ಮೇಲೆ ಬರಲಿದೆ ಎಂದು ಆಗ ಯಾರಿಗೂ ಹೊಳೆದಿರಲಾರದು.

ಬೇಸಿಗೆಯಲ್ಲಿ ಈ ಸಂಸಾರ ಸ್ವೀಡನ್ನಿಗೆ ಹೋಗುತ್ತಿತ್ತು. ಡೆನ್ಮಾರ್ಕ್ ಅಂಗೈಯಂತೆ ಚಪ್ಪಟೆ ನಾಡು. ಜಲಸಂಧಿ ದಾಟಿದರೆ ಎದುರಿಗೆ ಕುಲ್ಲೆನ್ ಭೂಶಿರ, ಸಮುದ್ರಕ್ಕೆ ನೇರ ಇಳಿಯುವ ಬಂಡೆ, ಕೆಳಗೆ ಒಡೆಯುವ ಅಲೆ. ಬಂಡೆಯನ್ನೇ ಕಾಣದ ಊರಿನ ಹುಡುಗನಿಗೆ ಅದು ತಲೆಗೇರಿತು. 14ರಿಂದ 17ರ ವಯಸ್ಸಿನ ನಡುವೆ ಕೂತು ಬರೆದ ಮೊದಲ ಸಿಂಫನಿಗೆ ‘ಬಂಡೆಗಳ ಗೋಪಗೀತೆ’ ಎಂಬರ್ಥದ ಹೆಸರಿಟ್ಟ. ಐದು ಭಾಗ, ಸುಮಾರು ಒಂದು ಗಂಟೆ. ಅಲೆ ಮತ್ತು ಬಿಸಿಲಿನಿಂದ ಶುರುವಾಗಿ, ಬೆಟ್ಟದ ಹೂ, ಐತಿಹ್ಯ, ಏರುದಾರಿ ಎಲ್ಲ ಹಾದು ತುದಿ ಮುಟ್ಟುತ್ತದೆ. ಹದಿಹರೆಯದ ಹುಡುಗರು ಪ್ರೇಮಪತ್ರದಲ್ಲಿ ಏನೆಲ್ಲ ತುಂಬುತ್ತಾರೋ ಅಷ್ಟನ್ನೂ ಈತ ವಾದ್ಯವೃಂದದಲ್ಲಿ ತುಂಬಿದ್ದ.

ಅದನ್ನು ನುಡಿಸುವವರು ಬೇಕಲ್ಲ. ತಾಯ್ನಾಡಿನಲ್ಲಿ ಸಿಗಲಿಲ್ಲ. 1908ರಲ್ಲಿ ಈತನ ಮೊದಲ ದೊಡ್ಡ ರಚನೆ ಕೇಳಿ ಕೋಪನ್‌ಹೇಗನ್ನಿನ ವಿಮರ್ಶಕರು ಮೂಗು ಮುರಿದಿದ್ದರು. ಅಪ್ಪ ಅಮ್ಮ ಮಗನನ್ನು ಕರೆದುಕೊಂಡು ಬರ್ಲಿನ್ನಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಗುರುತು ಪರಿಚಯ ಬೆಳೆಯಿತು. 1913ರ ಏಪ್ರಿಲ್ 10ರಂದು, ಜಗತ್ತಿನ ಅತ್ಯುತ್ತಮ ವಾದ್ಯವೃಂದಗಳಲ್ಲಿ ಒಂದೆನಿಸಿದ ಬರ್ಲಿನ್ ಫಿಲ್‌ಹಾರ್ಮೋನಿಕ್, ಮ್ಯಾಕ್ಸ್ ಫೀಡ್ಲರ್ ನಿರ್ದೇಶನದಲ್ಲಿ ಆ ಒಂದು ಗಂಟೆಯ ಸಿಂಫನಿಯನ್ನು ನುಡಿಸಿತು. ಬರೆದವನಿಗೆ ಇನ್ನೂ 20 ತುಂಬಿರಲಿಲ್ಲ. ಸಭೆ ಮೆಚ್ಚಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ನೆರೆಮನೆಯವರು ಹೊಗಳಿದ ಮೇಲಾದರೂ ಗಿಡದ ಕಡೆ ನೋಡುತ್ತಾರೆ. ಕೋಪನ್‌ಹೇಗನ್ ಆಗಲೂ ನೋಡಲಿಲ್ಲ.

ಮುಂದಿನ ವರ್ಷ ಜನವರಿಯಲ್ಲಿ ತಂದೆ ಸತ್ತ. ಆಗಸ್ಟಿನಲ್ಲಿ ಯುದ್ಧ ಬಂತು. ಡೆನ್ಮಾರ್ಕ್ ತಟಸ್ಥವಾಗಿ ಉಳಿಯಿತು. ಆದರೆ ತನ್ನನ್ನು ಕೇಳಿದ ಒಂದೇ ಊರಿನ ಬಾಗಿಲು ಲಂಗ್‌ಗೋರ್‌ನ ಪಾಲಿಗೆ ಮುಚ್ಚಿಕೊಂಡಿತು.

ಮುಚ್ಚಿದ ಬಾಗಿಲ ಒಳಗೆ ಕೂತು ಆತ ಬರೆದದ್ದೇ ‘ಗೋಳಗಳ ಸಂಗೀತ’. 1916ರಿಂದ 1918ರವರೆಗಿನ ಕೆಲಸ. ಗ್ರಹಗಳು ತಿರುಗುವಾಗ ಹೊಮ್ಮುವ ನಾದವೆಂಬ ಹಳೆಯ ಗ್ರೀಕ್ ಕಲ್ಪನೆ ಹೆಸರಿನಲ್ಲಿದೆ. ಒಂದು ದೊಡ್ಡ ವಾದ್ಯವೃಂದ, ಗಾಯಕವೃಂದ, ಆರ್ಗನ್, ಒಬ್ಬ ಸೊಪ್ರಾನೋ ಗಾಯಕಿ, ಜೊತೆಗೆ ದೂರದಲ್ಲಿ ಬೇರೆ ಕೂರಬೇಕಾದ ಇನ್ನೊಂದು ಪುಟ್ಟ ವಾದ್ಯವೃಂದ. ಇಷ್ಟೆಲ್ಲ ಸೇರಿಸಿದ ಮೇಲೆ ಆತ ಅದರಿಂದ ಮಾಡಿಸಿದ್ದು ಏನು? ಹೆಚ್ಚುಕಡಿಮೆ ಏನೂ ಇಲ್ಲ. ಪಿಟೀಲುಗಳು ಎತ್ತರದ ಸ್ಥಾಯಿಯಲ್ಲಿ ನಡುಗುತ್ತ ನಿಲ್ಲುತ್ತವೆ. ಸ್ವರಗುಚ್ಛವೊಂದು ಹುಟ್ಟಿ, ಎಲ್ಲಿಗೂ ಹೋಗದೆ, ಬಿಸಿಲಲ್ಲಿ ಮಂಜು ಕರಗಿದಂತೆ ಕರಗುತ್ತದೆ. ಒಂದೇ ಚೂರು ಹತ್ತು ಸಲ, ಹದಿನೈದು ಸಲ ಮರಳುತ್ತದೆ. ಪಾಶ್ಚಾತ್ಯ ಸಿಂಫನಿ ಅಂದರೆ ವಾದ. ಒಂದು ಮಾತು ಎತ್ತಿಕೊಂಡು, ಎದುರು ಮಾತು ತಂದು, ಜಗ್ಗಾಡಿ, ಕೊನೆಗೆ ಗೆದ್ದು ಮನೆಗೆ ಮರಳುವುದು. ಇಲ್ಲಿ ವಾದವೇ ಇಲ್ಲ. ನಾದ ಇದೆ, ಜಾಗ ಇದೆ, ಹತ್ತಿರ ಮತ್ತು ದೂರ ಇದೆ. ಶವಪೆಟ್ಟಿಗೆಯ ಹೂಗಳ ಮೇಲೆ ಬಿದ್ದ ಬಿಸಿಲು, ಬೇಸಿಗೆ ಬೆಳಗಿನ ಇಬ್ಬನಿ ಎಂಬಂಥ ಚಿತ್ರಗಳೇ ಚಿಕ್ಕ ಚಿಕ್ಕ ಭಾಗಗಳ ತಲೆಬರಹ. ಎಲ್ಲೋ ಒಂದು ಕಡೆ ಪಿಯಾನೋದ ತಂತಿಗಳ ಮೇಲೆ ನೇರವಾಗಿ ಕೈಯಾಡಿಸಬೇಕು ಎಂಬ ಸೂಚನೆ. ಸುಮಾರು 35 ನಿಮಿಷ ಹೀಗೆ ನಡೆದು, ಕೊನೆಗೆ ಕ್ರಿಸ್ತ ಮತ್ತು ಕ್ರಿಸ್ತವೈರಿ ಎದುರಾಗುವ ಭಯಂಕರ ಗದ್ದಲ, ಆಮೇಲೆ ಮತ್ತೆ ಆ ಬೇರೆ ಲೋಕದ ಮಿಣುಕು.

ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಇದು ಅಷ್ಟೇನೂ ವಿಚಿತ್ರವೆನಿಸುವುದಿಲ್ಲ ಎಂಬುದು ನನ್ನ ಅನುಭವ. ಒಂದೇ ನಾದದೊಳಗೆ ಕೂತು ಅದರ ಒಡಲನ್ನು ಕೇಳುವುದು ನಮಗೆ ಗೊತ್ತು. ಹೊಸ ಹೊಸ ಮಾತಿಗೆ ಕಾಯುವವರಿಗೆ ಕಷ್ಟ.

ಅದೇ ದಿನಗಳ ಇನ್ನೊಂದು ಕೃತಿಯನ್ನು ಹೇಳದೆ ಮುಂದೆ ಹೋಗಲಾರೆ. 1917ರ ‘ಇನ್ಸೆಕ್ಟೇರಿಯಂ’, ಪಿಯಾನೋಗೆಂದು ಬರೆದ ಒಂಬತ್ತು ಪುಟ್ಟ ತುಣುಕು. ಒಂದೊಂದೂ ಒಂದು ಹುಳು: ಮಿಡತೆ, ಏರೋಪ್ಲೇನ್ ಚಿಟ್ಟೆ, ನೊಣ, ಸಾವಿರಕಾಲು, ಸೊಳ್ಳೆ. ಮರ ಕೊರೆಯುತ್ತ ಟಿಕ್ ಟಿಕ್ ಎನ್ನುವ ಕೀಟವೂ ಇದೆ. ಅದಕ್ಕಾಗಿ ವಾದಕ ಪಿಯಾನೋದ ಮರವನ್ನು ತಟ್ಟಬೇಕು, ತಂತಿಗೆ ಕೈ ಹಾಕಬೇಕು. ಅಮೆರಿಕದ ಹೆನ್ರಿ ಕೋವೆಲ್ ಪಿಯಾನೋದ ಹೊಟ್ಟೆಯೊಳಗೆ ಕೈಯಿಟ್ಟು ಹೆಸರು ಮಾಡಿದ್ದು ಇದಾಗಿ ಕೆಲವು ವರ್ಷಗಳ ಮೇಲೆ.

ಯುದ್ಧ ಮುಗಿದ ಮೇಲೆ ‘ಗೋಳಗಳ ಸಂಗೀತ’ ಮೊದಲು ಕೇಳಿಸಿದ್ದು ಮತ್ತೆ ಜರ್ಮನಿಯಲ್ಲೇ, 1921ರ ನವೆಂಬರಿನಲ್ಲಿ ಕಾರ್ಲ್ಸ್‌ರೂಹೆಯಲ್ಲಿ. ಮರುವರ್ಷ ಬರ್ಲಿನ್ನಿನಲ್ಲಿ. ಆಮೇಲೆ ಸದ್ದಿಲ್ಲ. ಬರೆದವನು ಬದುಕಿರುವಷ್ಟು ಕಾಲ ಡೆನ್ಮಾರ್ಕಿನಲ್ಲಿ ಅದನ್ನು ಯಾರೂ ನುಡಿಸಲಿಲ್ಲ.

ಇಲ್ಲಿಗೆ ಕಥೆ ಸುಲಭದ ದಾರಿ ಹಿಡಿಯಬಹುದಿತ್ತು. ಕಾಲಕ್ಕಿಂತ ಮುಂದಿದ್ದ ಕಲಾವಿದ, ಅರಿಯದ ಜನ, ಕೊನೆಗೆ ನ್ಯಾಯ. ಲಂಗ್‌ಗೋರ್ ಆ ದಾರಿಗೆ ತಾನೇ ಅಡ್ಡ ಮಲಗಿದ. ಸುಮಾರು 1924ರ ಹೊತ್ತಿಗೆ, ಇನ್ನೂ 31ರ ಪ್ರಾಯದಲ್ಲಿ, ಇದನ್ನೆಲ್ಲ ಬಿಟ್ಟು ಹಿಂದಕ್ಕೆ ನಡೆದ. ತಾನು ಹುಟ್ಟುವ ಮೂರು ವರ್ಷ ಮೊದಲೇ ಸತ್ತಿದ್ದ ಸಂಗೀತಕಾರ ನೀಲ್ಸ್ ಗಾಡೆಯ ಕಾಲದಲ್ಲಿ ಡೆನ್ಮಾರ್ಕಿನ ಸಂಗೀತಕ್ಕೆ ಆತ್ಮ ಇತ್ತು, ಈಗ ಇಲ್ಲ, ಅದನ್ನು ಕೊಂದ ಒಣ ಆಧುನಿಕತೆಗೆ ನೀಲ್ಸನ್ ನಾಯಕ ಎಂಬುದು ಆತನ ದೃಢ ನಂಬಿಕೆ. ಪ್ರಯೋಗ ಎಂಬುದರ ಮೇಲೆ ಆತನಿಗೆ ಮೋಹವೇ ಇರಲಿಲ್ಲ. ಹೊಸ ನಾದ ಬೇಕಾಗಿದ್ದದ್ದು ಪ್ರಳಯವನ್ನೂ ಪರಲೋಕವನ್ನೂ ಹೇಳಲು ಹಳೆಯ ನಾದ ಸಾಲದೆ ಹೋದಾಗ ಮಾತ್ರ. ಸಾಕಾದಾಗ ಶೂಮನ್‌ನ ಕಾಲದ ಧಾಟಿಯಲ್ಲಿ ಯಾವ ಸಂಕೋಚವೂ ಇಲ್ಲದೆ ಬರೆದ.

ಆ ಬರವಣಿಗೆಯಲ್ಲಿ ನೀರಸವಾದದ್ದೂ ಸಾಕಷ್ಟಿದೆ. ಅಭಿಮಾನಿಗಳು ಒಪ್ಪಲಾರರು, ಆದರೆ ನಡುವಯಸ್ಸಿನ ಕೆಲವು ಕೃತಿಗಳು ಹಳೆಯ ಸಾಮಾನು ತೊಳೆದಿಟ್ಟಂತಿವೆ, ಅಷ್ಟೆ.

ಎಲ್ಲಕ್ಕಿಂತ ಮಿಗಿಲಾಗಿ ಆತ ನಂಬಿದ್ದ ಕೃತಿ ‘ಆಂಟಿಕ್ರಿಸ್ಟ್’ ಎಂಬ ಅಪೇರಾ. 1921ರಿಂದ 1923ರ ನಡುವೆ ಬರೆದು, ಮತ್ತೆ 1930ರವರೆಗೂ ತಿದ್ದಿದ. ಅದರಲ್ಲಿ ಕಥೆ ಎಂಬುದಿಲ್ಲ. ಸುಳ್ಳು, ದ್ವೇಷ, ಖಿನ್ನತೆ, ದೊಡ್ಡ ಮಾತಾಡುವ ಬಾಯಿ, ಮಹಾವೇಶ್ಯೆ ಎಂಬ ಪಾತ್ರಗಳು ಒಂದೊಂದಾಗಿ ಬಂದು ಮುಳುಗುತ್ತಿರುವ ನಾಗರಿಕತೆಯ ಮೇಲೆ ಹಾಡಿ ಹೋಗುತ್ತವೆ. ಸಾಹಿತ್ಯವೂ ಆತನದೇ. ಕೋಪನ್‌ಹೇಗನ್ನಿನ ರಾಯಲ್ ಥಿಯೇಟರ್ ಮೊದಲು ಬೇಡವೆಂದಿತು, ತಿದ್ದಿದ ಮೇಲೂ ಬೇಡವೆಂದಿತು. ಮುಖ್ಯ ತಕರಾರು ಆ ಸಾಹಿತ್ಯದ ಮೇಲೆ. ಓದಿದರೆ ಥಿಯೇಟರಿನವರ ಗೊಂದಲ ಅರ್ಥವಾಗುತ್ತದೆ. ಸಂಗೀತ ಕೇಳಿದರೆ ಅರ್ಥವಾಗುವುದಿಲ್ಲ.

ಹೊಟ್ಟೆಪಾಡಿಗೆ ಆತನಿಗೆ ಬೇಕಿದ್ದದ್ದು ಒಂದು ಚರ್ಚಿನ ಆರ್ಗನ್ ವಾದಕನ ಹುದ್ದೆ. ನಿಜಕ್ಕೂ ಅಷ್ಟೇ. ವರ್ಷಗಟ್ಟಲೆ ಅರ್ಜಿ ಹಾಕಿದ. ಅಲ್ಲೂ ಕಾಲ ಎದುರಾಗಿತ್ತು. ಥಾಮಸ್ ಲೌಬ್ ಎಂಬಾತ ಡೆನ್ಮಾರ್ಕಿನ ಚರ್ಚ್ ಸಂಗೀತವನ್ನು ಶುದ್ಧಿ ಮಾಡಲು ಹೊರಟು ಗೆದ್ದಿದ್ದ. ಹತ್ತೊಂಬತ್ತನೆಯ ಶತಮಾನದ ಭಾವುಕತೆ ಸಾಕು, ಹಳೆಯ ಸರಳ ಭಕ್ತಿಗೀತೆಯ ಮಟ್ಟಿಗೆ ಮರಳೋಣ ಎಂಬುದು ಆ ಚಳವಳಿ. ನೀಲ್ಸನ್ ಅವನ ಗೆಳೆಯ. ಅವರ ನಡುವೆ ಲಂಗ್‌ಗೋರ್ ಆರ್ಗನ್ ಮುಂದೆ ಕೂತರೆ ಆಕಾಶ ಸೀಳಿ ದೇವದೂತರು ಇಳಿಯಬೇಕು! ಮೇಲಾಗಿ ತನಗೆ ಅನ್ನಿಸಿದ್ದನ್ನು ಆತ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಕೆಲಸ ಕೊಡುವವರು ಎಲ್ಲ ಕಾಲದಲ್ಲೂ ಒಂದೇ. ಗದ್ದಲ ಮಾಡದವನನ್ನು ಹುಡುಕುತ್ತಾರೆ.

1926ರಲ್ಲಿ ತಾಯಿ ಹೋದಳು. ಮರುವರ್ಷ ಕಾನ್ಸ್‌ಟಾನ್ಸ್ ಟೇಟೆನ್ಸ್ ಎಂಬಾಕೆಯನ್ನು ಮದುವೆಯಾದ. ಆಮೇಲಿನ ಕಾಲು ಶತಮಾನ ಆ ಬದುಕನ್ನು ಕುಸಿಯದಂತೆ ಹಿಡಿದು ನಿಂತವಳು ಆಕೆ.

1940ರಲ್ಲಿ ಕೊನೆಗೂ ನೌಕರಿ ಸಿಕ್ಕಿತು, ರೀಬೆಯಲ್ಲಿ. ವಯಸ್ಸು 47ರ ಹತ್ತಿರ. ಆ ವರ್ಷವೇ ಏಪ್ರಿಲ್ 9ರಂದು ಜರ್ಮನ್ ಸೇನೆ ಡೆನ್ಮಾರ್ಕಿನೊಳಗೆ ನುಗ್ಗಿತ್ತು. ರೀಬೆ ದೇಶದ ಅತಿ ಹಳೆಯ ಪಟ್ಟಣ, ರಾಜಧಾನಿಯಿಂದ ಅದು ಇನ್ನೊಂದು ತುದಿ. ಯೂಲೆಂಡಿನ ನೈರುತ್ಯ ಮೂಲೆ, ಸುತ್ತ ಜೌಗು ಬಯಲು, ಆಚೆಗೆ ಉಬ್ಬರವಿಳಿತದ ಉತ್ತರ ಸಮುದ್ರ. ಒಂದು ಕಾಲದಲ್ಲಿ ಬಿರುಗಾಳಿ ಎದ್ದರೆ ನೀರು ಊರೊಳಗೆ ಬರುತ್ತಿತ್ತು. ಕೆಥೆಡ್ರಲ್ಲಿನ ಇಟ್ಟಿಗೆಯ ಗೋಪುರ ಹಿಂದೆ ಪ್ರವಾಹದ ಕಾವಲು ಗೋಪುರವೂ ಆಗಿತ್ತು. ಪ್ರಳಯವನ್ನು ಸದಾ ತಲೆಯಲ್ಲಿಟ್ಟುಕೊಂಡು ತಿರುಗುವ ಮನುಷ್ಯನಿಗೆ ವಿಧಿ ಕೊಟ್ಟ ಊರು ನೋಡಿ.

ಉದ್ದ ಕೂದಲು, ಕಪ್ಪು ಉಡುಪು, ಹಳೆಯ ಕಾಲದ ಪಟದಿಂದ ಇಳಿದು ಬಂದಂತಿದ್ದ ಈ ತೆಳ್ಳನೆಯ ಆಳು ಊರವರಿಗೆ ಒಗ್ಗಲಿಲ್ಲ. ಆತನಿಗೂ ಅವರು ಒಗ್ಗಲಿಲ್ಲ. ರಾಜಧಾನಿಯಿಂದ ದೂರವಾದದ್ದು ಗಡೀಪಾರಿನಂತೆ ಕಂಡಿತು. ಆದರೂ ಎರಡು ವರ್ಷದೊಳಗೆ ಊರಿನ ಮೇಲೇ ಒಂದು ಸಿಂಫನಿ ಬರೆದ, ಒಂಬತ್ತನೆಯದು. ಅದರ ಹೆಸರಿನಲ್ಲಿರುವ ದಾಗ್ಮಾರ್ ರಾಣಿ 1212ರಲ್ಲಿ ರೀಬೆಯಲ್ಲಿ ತೀರಿಕೊಂಡವಳು, ಜನಪದ ಹಾಡುಗಳಲ್ಲಿ ಇನ್ನೂ ಬದುಕಿರುವವಳು.

ಆಮೇಲೆ ಹಾಳತ ತಪ್ಪಿತು. ಎಂಥ ತಪ್ಪು ಅದು! 1944–45ರ ಹನ್ನೊಂದನೆಯ ಸಿಂಫನಿಯ ಹೆಸರು ‘ಇಕ್ಸಿಯಾನ್’. ಉರಿಯುವ ಚಕ್ರಕ್ಕೆ ಕಟ್ಟಿಸಿಕೊಂಡು ಎಂದೆಂದಿಗೂ ತಿರುಗುವ ಶಿಕ್ಷೆ ಪಡೆದ ಗ್ರೀಕ್ ಪುರಾಣದ ಪಾಪಿ. ಇಡೀ ಸಿಂಫನಿ ಸುಮಾರು ಆರು ನಿಮಿಷ. ಒಂದೇ ಒಂದು ವಾಲ್ಟ್ಸ್ ಧಾಟಿ ಸುತ್ತುತ್ತದೆ, ಸುತ್ತುತ್ತದೆ, ನಡುವೆ ನಾಲ್ಕು ಟ್ಯೂಬಾಗಳು ಘೀಳಿಡುತ್ತವೆ. ಬೆಳವಣಿಗೆ ಇಲ್ಲ, ಬಿಡುಗಡೆ ಇಲ್ಲ. 1946ರ ಹನ್ನೆರಡನೆಯದು ಇನ್ನೂ ವಿಲಕ್ಷಣ. ಹದಿಹರೆಯದಲ್ಲಿ ಬರೆದು ಬರ್ಲಿನ್ನಿನಲ್ಲಿ ಮೆರೆದ ಆ ಒಂದು ಗಂಟೆಯ ಮೊದಲ ಸಿಂಫನಿಯನ್ನೇ ಹಿಂಡಿ ಹಿಂಡಿ ಏಳು ನಿಮಿಷಕ್ಕೆ ಇಳಿಸಿದ್ದಾನೆ. ಸ್ವೀಡನ್ ತೀರದ ಊರೊಂದರ ಹೆಸರಿಟ್ಟು, ಕೊನೆಯಲ್ಲಿ, ಬೇರೆಯವರು ‘ವೇಗವಾಗಿ’ ಎಂದೋ ‘ಉತ್ಸಾಹದಿಂದ’ ಎಂದೋ ಸೂಚಿಸುವ ಜಾಗದಲ್ಲಿ ಬರೆದದ್ದು ಇಷ್ಟು: ಹುಚ್ಚು ಓಟ, ಸಂಗೀತಕಾರನೊಬ್ಬ ಸಿಡಿಯುತ್ತಾನೆ.

ಆ ಪುಟವನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದು, ಪ್ರಯೋಗ ಎಂಬ ಮಾತು ಇಲ್ಲಿ ಎಷ್ಟು ತಣ್ಣಗಿದೆ ಎಂದು. ಪ್ರಯೋಗ ಮಾಡುವವನಿಗೆ ಮುಂದೇನಾಗುತ್ತದೋ ನೋಡೋಣ ಎಂಬ ಕುತೂಹಲ ಇರುತ್ತದೆ. ಈತನಿಗೆ ಮುಂದೇನೂ ಆಗುವುದಿಲ್ಲ ಎಂಬುದು ಗೊತ್ತಿತ್ತು. ನುಡಿಸುವವರಿಲ್ಲ, ಕೇಳುವವರಿಲ್ಲ. ಅಂಥವನು ಬರೆದ ಹಾಳೆಯ ಮೇಲೆ ಯಾವ ಕಟ್ಟುಪಾಡೂ ಉಳಿಯುವುದಿಲ್ಲ. ನೀಲ್ಸನ್ ಹಾಡು ಬಂದ 1948ರಲ್ಲೇ ‘ರೆಸ್ ಅಬ್ಸುರ್ದಾ’ ಎಂಬ ಇನ್ನೊಂದು ರಚನೆ ಬಂತು. ಲ್ಯಾಟಿನ್ನಿನ ಆ ಎರಡು ಪದ, ಅಸಂಬದ್ಧ ಎಂಬರ್ಥದ್ದು, ಗಾಯಕವೃಂದ ಮತ್ತೆ ಮತ್ತೆ ಕೂಗುತ್ತದೆ. ತನ್ನ ಬಾಳಿನ ಬಗ್ಗೆ ಆತ ಕೊಟ್ಟ ವರದಿ ಅದು.

1952ರ ಜುಲೈ 10ರಂದು ರೀಬೆಯಲ್ಲಿ ಲಂಗ್‌ಗೋರ್ ತೀರಿಕೊಂಡ. 59 ತುಂಬಲು ಹದಿನೆಂಟು ದಿನ ಬಾಕಿ. ಹಿಂದೆ ಉಳಿದದ್ದು 16 ಸಿಂಫನಿ, ಒಂದು ಅಪೇರಾ, ಒಟ್ಟು 400ಕ್ಕೂ ಹೆಚ್ಚು ಕೃತಿ. ಹದಿನಾರನೆಯ ಸಿಂಫನಿಯ ಹೆಸರು ‘ಬಿಸಿಲ ಪ್ರಳಯ’. ರೀಬೆಯ ನೀರಿನ ಬದಲು ಬೆಳಕು ನುಗ್ಗಿ ಬರುವುದನ್ನು ಕೊನೆಗೆ ಕಂಡಿದ್ದನೇನೋ.

ಹದಿನೈದು ವರ್ಷ ಯಾರಿಗೂ ಬೇಡದೆ ಬಿದ್ದಿದ್ದ ಆ ಹೆಸರು ಮೇಲೆದ್ದದ್ದು ಒಂದು ಕುಚೇಷ್ಟೆಯಿಂದ. 1960ರ ದಶಕದ ಕೊನೆಗೆ ಹೊಸ ಕೃತಿಗಳನ್ನು ಆರಿಸಲು ಸ್ಟಾಕ್‌ಹೋಮ್‌ನಲ್ಲಿ ಒಂದು ಸಮಿತಿ ಸೇರಿತ್ತು. ಡೆನ್ಮಾರ್ಕಿನ ಸಂಗೀತಕಾರ ಪೆರ್ ನ್ಯೋರ್ಗೋರ್ ಅದರಲ್ಲಿದ್ದರು, ಹಂಗೇರಿ ಮೂಲದ ಗ್ಯೋರ್ಗಿ ಲಿಗೆಟಿಯೂ ಇದ್ದರು. ಮಾಧುರ್ಯವನ್ನೂ ತಾಳವನ್ನೂ ಕರಗಿಸಿ, ನಾದದ ಮೋಡವನ್ನಷ್ಟೇ ತೇಲಿಬಿಡುವ ‘ಅಟ್ಮಾಸ್ಫಿಯರ್ಸ್’ ಬರೆದು ಲಿಗೆಟಿ 1961ರಲ್ಲೇ ಯುರೋಪನ್ನು ಬೆರಗುಗೊಳಿಸಿದ್ದರು. ಹೊಸದರಲ್ಲಿ ಹೊಸದು ಎಂದು ಜಗತ್ತು ಒಪ್ಪಿದ್ದ ಮನುಷ್ಯ. ನ್ಯೋರ್ಗೋರ್ ಹೊಸ ಕೃತಿಗಳ ಕಟ್ಟಿನ ನಡುವೆ, ಯಾರಿಗೂ ಹೇಳದೆ, 50 ವರ್ಷ ಹಳೆಯ ‘ಗೋಳಗಳ ಸಂಗೀತ’ದ ಸ್ವರಲಿಪಿಯನ್ನು ತೂರಿಸಿಟ್ಟರು. ಲಿಗೆಟಿ ಪುಟ ತಿರುಗಿಸಿದರು, ಇನ್ನಷ್ಟು ತಿರುಗಿಸಿದರು. ಆಮೇಲೆ ತಲೆಯೆತ್ತಿ, ತಾನು ಲಂಗ್‌ಗೋರ್‌ನ ಅನುಕರಣೆ ಮಾಡುವವನೆಂದು ಇವತ್ತೇ ಗೊತ್ತಾಯಿತು ಎಂಬರ್ಥದ ಮಾತಾಡಿದರು.

1968ರಲ್ಲಿ ಸ್ಟಾಕ್‌ಹೋಮ್ ಆ ಕೃತಿಯನ್ನು ನುಡಿಸಿತು. ಕುಬ್ರಿಕ್‌ನ ಬಾಹ್ಯಾಕಾಶದ ಸಿನಿಮಾದಲ್ಲಿ ಲಿಗೆಟಿಯ ಸಂಗೀತ ಕೇಳಿ ಜನ ಬೆರಗಾಗಿದ್ದೂ ಅದೇ ವರ್ಷ. ಗ್ರಹಗಳ ನಡುವಿನ ಕತ್ತಲಿಗೆ ಒಂದು ನಾದ ಬೇಕು ಎಂದು ಜಗತ್ತಿಗೆ ಅನ್ನಿಸಿದ ಹೊತ್ತಿಗೆ, ಅಂಥದೊಂದು ನಾದ ಅರ್ಧ ಶತಮಾನದಿಂದ ಕಾಗದದ ಮೇಲೆ ಕಾದು ಕೂತಿತ್ತು. ಆಮೇಲೆ ಆತನ ಹೆಸರು ಮುನ್ನುಗ್ಗಿತು. ಬೆಂಟ್ ವಿನ್‌ಹೋಲ್ಟ್ ನೀಲ್ಸನ್ 1991ರಲ್ಲಿ ಇಡೀ ಕೃತಿರಾಶಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. (ಪಟ್ಟಿ ಮಾಡಿದವರೂ ನೀಲ್ಸನ್! ಲಂಗ್‌ಗೋರ್ ನಗುತ್ತಿದ್ದನೋ ಸಿಡುಕುತ್ತಿದ್ದನೋ.) ‘ಆಂಟಿಕ್ರಿಸ್ಟ್’ ಮೊದಲ ಬಾರಿ ರಂಗವೇರಿದ್ದು 1999ರಲ್ಲಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. ವಾದ್ಯವೃಂದ ನಿರ್ದೇಶಕ ಥಾಮಸ್ ದೌಸ್‌ಗೋರ್ 16 ಸಿಂಫನಿಗಳನ್ನೂ ಧ್ವನಿಮುದ್ರಿಸಿದರು. 2010ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಅವರು ‘ಗೋಳಗಳ ಸಂಗೀತ’ವನ್ನು ನಡೆಸಿಕೊಟ್ಟಾಗ ಅದೇ ಸಂಜೆ ಲಿಗೆಟಿಯ ಹಾಡುಗಳೂ ಇದ್ದವು. ಜೋಡಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಆ ಜೋಡಿಯ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಲಿಗೆಟಿಯ ಮಾತು ತಮಾಷೆಯಷ್ಟೇ ಔದಾರ್ಯದ್ದು. ಆದರೆ ಅಂದಿನಿಂದ ಲಂಗ್‌ಗೋರ್ ಎಂದರೆ ಬೇರೆ ಯಾರದೋ ಮುನ್ಸೂಚನೆ. ಬರುವವರನ್ನು ಮೊದಲೇ ಕಂಡವನು ಎಂಬ ಪದವಿ. ತಾನು ಬೆನ್ನು ತಿರುಗಿಸಿ ನಡೆದ ಒಂದು ಕೃತಿಗಾಗಿ, ತಾನು ಒಪ್ಪುತ್ತಿದ್ದನೋ ಇಲ್ಲವೋ ತಿಳಿಯದ ಒಂದು ಪಂಥದ ಕಡೆಯಿಂದ ಸಿಕ್ಕ ಹಾರ. ಆತ ಜೀವನವಿಡೀ ಕೇಳಿಕೊಂಡದ್ದು ಬೇರೆ. ಹಿಂದಿನವರ ಮುಂದುವರಿಕೆ ಎಂದು ಎಣಿಸಿ, ಗಾಡೆಯ ಪಕ್ಕದಲ್ಲಿ ಕೂರಿಸಿ, ಎಂದು. ಆ ಬಂಡೆ, ಆ ಬಿಸಿಲು, ಆ ಏರುದಾರಿ.

2022ರ ಜೂನ್‌ನಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಸಕಾರಿ ಒರಾಮೋ ಅವರ ನಿರ್ದೇಶನದಲ್ಲಿ ಲಂಗ್‌ಗೋರ್‌ನನ್ನು ನುಡಿಸಿತು. 1913ರ ಆ ಸಂಜೆಯಿಂದ 109 ವರ್ಷ. ವೇದಿಕೆಯ ಮೇಲೆ ದೂರದ ವಾದ್ಯವೃಂದ ಇರಲಿಲ್ಲ, ಪಿಯಾನೋ ತಂತಿಯ ಮೇಲೆ ಯಾರೂ ಕೈಯಾಡಿಸಲಿಲ್ಲ. ಅವರು ಎತ್ತಿಕೊಂಡದ್ದು ಹುಡುಗನೊಬ್ಬ ಕುಲ್ಲೆನ್ ಬಂಡೆಗಳನ್ನು ನೋಡಿ ಬಂದು ಬರೆದ ಮೊದಲ ಸಿಂಫನಿ, ಐದೂ ಭಾಗ, ಪೂರ್ತಿ ಒಂದು ಗಂಟೆ.